ಎರಡು ಉತ್ತರದ ನಡುವೆ ಸಿಕ್ಕಿಕೊಳ್ಳುವ ನರ್ಸಿಂಗ್ ವಿದ್ಯಾರ್ಥಿಗಳಿಗೆ

"ಮೇಡಂ, ಪುಸ್ತಕ ಪೂರ್ತಿ ಓದಿದೀನಿ. ಪ್ರಶ್ನೆ ನೋಡಿದ ತಕ್ಷಣ ಎರಡು ಆಯ್ಕೆ ತೆಗೆದು ಹಾಕ್ತೀನಿ. ಉಳಿದ ಎರಡರಲ್ಲಿ ಯಾವುದು ಸರಿ ಅಂತ ಗೊತ್ತಾಗಲ್ಲ."

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಕೇಳುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರದ್ದು ಇದೇ ಮಾತು. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂನ ಕೊನೆಯ ವರ್ಷದವರು, ಬಿಎಸ್ಸಿ ನರ್ಸಿಂಗ್‌ನವರು, ಕೆಲಸ ಮಾಡುತ್ತಲೇ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಓದುವವರು, ಹೊರದೇಶಕ್ಕೆ ಹೋಗಲು ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್‌ಗೆ ಫೀಸು ಕಟ್ಟಿದವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಅಸೆಸ್‌ಮೆಂಟ್ ಅಂದರೆ ರೋಗಿಯನ್ನು ನೋಡಿ, ಕೇಳಿ, ಮುಟ್ಟಿ, ಎಣಿಸಿ ಸುಳಿವು ಹುಡುಕುವುದು. ಕ್ಲಿನಿಕಲ್ ಜಡ್ಜ್‌ಮೆಂಟ್ ಅಂದರೆ ಆ ಸುಳಿವುಗಳನ್ನು ಜೋಡಿಸಿ, ಈಗ ಮೊದಲು ಏನು ಮಾಡಬೇಕು ಅಂತ ತೀರ್ಮಾನಿಸುವುದು. ನೀವು ಸೋಲುತ್ತಿರುವುದು ಜ್ಞಾಪಕಶಕ್ತಿಯಲ್ಲಿ ಅಲ್ಲ, ಈ ಜೋಡಿಸುವ ಕೆಲಸದಲ್ಲಿ. ಪುಸ್ತಕ ಓದುವಾಗ ಕಾಯಿಲೆಯ ಹೆಸರಿನಿಂದ ಶುರು ಮಾಡುತ್ತೀರಿ, ಲಕ್ಷಣ ಆಮೇಲೆ ಬರುತ್ತದೆ. ಪರೀಕ್ಷೆಯಲ್ಲಿ, ವಾರ್ಡ್‌ನಲ್ಲಿ ಅದು ಉಲ್ಟಾ. ಲಕ್ಷಣ ಮಾತ್ರ ಕಣ್ಣೆದುರು ಇರುತ್ತದೆ. ಅದಕ್ಕೇ ಕಾಯಿಲೆಯ ಹೆಸರು ಹುಡುಕಬೇಡಿ, ಈ ರೋಗಿಯಲ್ಲಿ ಏನು ಬದಲಾಗುತ್ತಿದೆ ಅಂತ ಹುಡುಕಿ. ಮುಂದೆ ಹೇಳುವುದೆಲ್ಲ ಇದನ್ನು ರೂಢಿ ಮಾಡಿಕೊಳ್ಳುವ ದಾರಿ.

ಯಾವ ಪರೀಕ್ಷೆಯಲ್ಲಿ ಇದು ಹೇಗೆ ಬರುತ್ತದೆ?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ರೋಗಿಯ ಪಕ್ಕದಲ್ಲೇ ನಿಲ್ಲಿಸಿ ಕೇಳುತ್ತಾರೆ. ಏಮ್ಸ್ ನಡೆಸುವ ನಾರ್ಸೆಟ್‌ನಲ್ಲಿ ಬಹು ಆಯ್ಕೆ ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಒಂದು ಅಂಕದ ಮೂರನೇ ಒಂದು ಭಾಗ ಕಡಿತ. ಅಮೆರಿಕದ ಎನ್‌ಕ್ಲೆಕ್ಸ್ ಏಪ್ರಿಲ್ 2023ರಲ್ಲಿ ಹೊಸ ರೂಪಕ್ಕೆ ಬಂತು. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150, ಸಮಯ 5 ಗಂಟೆ. ಅದರಲ್ಲಿ ಒಬ್ಬ ರೋಗಿಯ ಕಥೆ ಕೊಟ್ಟು ಅದರ ಮೇಲೆ 6 ಪ್ರಶ್ನೆ ಕೇಳುವ ಕೇಸ್ ಸ್ಟಡಿಗಳೂ ಇವೆ. ರೂಪ ಬೇರೆ ಬೇರೆ ಆದರೂ ಅಭ್ಯಾಸ ಒಂದೇ.

ಏನೇನು ಬೇಕು?

ಸೆಕೆಂಡ್ ಮುಳ್ಳಿರುವ ಕೈಗಡಿಯಾರ, ನಿಮ್ಮದೇ ಸ್ಟೆತಸ್ಕೋಪ್, ಒಂದು ಪೆನ್ ಟಾರ್ಚ್, ಜೇಬಿಗೆ ಹಿಡಿಯುವ ನೋಟ್‌ಬುಕ್. ಜೊತೆಗೆ ನಿಮ್ಮ ತಪ್ಪನ್ನು ಮುಖದ ಮೇಲೆ ಹೇಳುವ ಒಬ್ಬ ಗೆಳತಿ ಅಥವಾ ಗೆಳೆಯ. ದುಡ್ಡು ಕೊಟ್ಟು ಆಪ್ ತೆಗೆದುಕೊಳ್ಳುವುದು ಆಮೇಲೆ ನೋಡಿಕೊಂಡರಾಯಿತು.

ಒಂದು ಎಚ್ಚರಿಕೆ. ನೋಟ್‌ಬುಕ್‌ನಲ್ಲಿ ರೋಗಿಯ ಹೆಸರು, ಐಪಿ ನಂಬರ್, ಊರು ಬರೆಯಬೇಡಿ. ಫೋಟೋ ಅಂತೂ ಬೇಡವೇ ಬೇಡ. "ಹೆಂಗಸು, 60ರ ಆಸುಪಾಸು" ಅಷ್ಟು ಸಾಕು.

ಹಂತ 1: ಕೇಸ್ ಶೀಟ್ ತೆರೆಯುವ ಮೊದಲು 30 ಸೆಕೆಂಡ್ ನೋಡಿ

ವಾರ್ಡ್‌ಗೆ ಹೋದ ಕೂಡಲೇ ಎಲ್ಲರೂ ಮಾಡುವುದು ಏನು? ಕೇಸ್ ಶೀಟ್ ಎತ್ತಿಕೊಂಡು ಡಯಾಗ್ನೋಸಿಸ್ ಓದುವುದು. ಹೆಸರು ಓದಿಬಿಟ್ಟರೆ ನಿಮ್ಮ ಕಣ್ಣು ಅದಕ್ಕೆ ಹೊಂದುವುದನ್ನು ಮಾತ್ರ ನೋಡುತ್ತದೆ. ಅದಕ್ಕೆ ಮೊದಲು ರೋಗಿಯ ಕಾಲಿನ ಕಡೆ ಮಂಚದ ತುದಿಯಲ್ಲಿ ನಿಂತು ಸುಮ್ನೆ ನೋಡಿ.

ಮಲಗಿದ್ದಾರಾ, ಮುಂದಕ್ಕೆ ಬಾಗಿ ಕೈಯೂರಿ ಕೂತಿದ್ದಾರಾ? ಮಾತಾಡುವಾಗ ಪೂರ್ತಿ ವಾಕ್ಯ ಬರುತ್ತಿದೆಯಾ, ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಾರಾ? ಹಣೆಯಲ್ಲಿ ಬೆವರು? ತುಟಿ ಬಣ್ಣ? ಮೂತ್ರದ ಚೀಲದಲ್ಲಿ ಎಷ್ಟಿದೆ, ಬಣ್ಣ ಏನು? ಡ್ರಿಪ್ ಓಡುತ್ತಿದೆಯಾ, ಕೈ ಊದಿದೆಯಾ? ಪಕ್ಕದಲ್ಲಿರುವ ಅಟೆಂಡರ್ ಮುಖ ಹೇಗಿದೆ? ಮನೆಯವರು "ರಾತ್ರಿಯಿಂದ ಯಾಕೋ ಒಂಥರಾ ಇದಾರೆ" ಅಂದರೆ ಅದೂ ಒಂದು ಸುಳಿವೇ.

ಕಂಡ ಮೂರು ವಿಷಯ ಬರೆಯಿರಿ. ಆಮೇಲೆ ಕೇಸ್ ಶೀಟ್ ತೆರೆಯಿರಿ. ನೀವು ಬರೆದದ್ದರಲ್ಲಿ ಯಾವುದು ಡಯಾಗ್ನೋಸಿಸ್‌ಗೆ ಹೊಂದುತ್ತಿಲ್ಲವೋ ಅದರ ಕೆಳಗೆ ಗೆರೆ ಹಾಕಿ. ಪರೀಕ್ಷೆಯ ಕೇಸ್ ಸ್ಟಡಿಯಲ್ಲಿ ಉತ್ತರ ಅಡಗಿರುವುದು ಹೆಚ್ಚಾಗಿ ಅಂಥ ಕಡೆಯೇ.

ಹಂತ 2: ನಿಜವಾಗಿ ಎಣಿಸಿ

ನಾಡಿ, ಉಸಿರು, ಜ್ವರ, ಬಿಪಿ, ಆಮ್ಲಜನಕದ ಮಟ್ಟ. ಇವೇ ವೈಟಲ್ ಸೈನ್ಸ್, ಜೀವ ಹೇಗಿದೆ ಅಂತ ತಿಳಿಸುವ ಲೆಕ್ಕಗಳು. ಇದರಲ್ಲಿ ಜಾಸ್ತಿ ಮೋಸ ಆಗುವುದು ಉಸಿರಾಟದ್ದು. ಒಂದು ವಾರ್ಡ್‌ನಲ್ಲಿ ಒಂದೂ ಬಿಡದೆ ಎಲ್ಲ ಚಾರ್ಟ್‌ಗಳಲ್ಲೂ ಉಸಿರಾಟ 20 ಅಂತಲೇ ಬರೆದಿದ್ದನ್ನು ನೋಡಿದ್ದೇನೆ. ಕೂತು ಎಣಿಸಿದಾಗ ಒಬ್ಬ ಅಜ್ಜಿಯದು 32 ಇತ್ತು. ಅವರು ಸುಸ್ತಾಗಿ ಮಲಗಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಎಣಿಸುವ ರೀತಿ ಇದು. ನಾಡಿ ಹಿಡಿಯುವ ಹಾಗೆ ಮಣಿಕಟ್ಟು ಹಿಡಿದುಕೊಳ್ಳಿ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬೇಡಿ. ಕಣ್ಣು ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಯಾರದ್ದೇ ಆದರೂ ಉಸಿರಿನ ಲಯ ಬದಲಾಗುತ್ತದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇವತ್ತೇ ಬಿಡಿ.

ದೊಡ್ಡವರಲ್ಲಿ ಉಸಿರು ನಿಮಿಷಕ್ಕೆ 12ರಿಂದ 20, ನಾಡಿ 60ರಿಂದ 100. ಹುಟ್ಟಿದ ಮಗುವಿನ ಉಸಿರು 30ರಿಂದ 60. ಮಕ್ಕಳಲ್ಲಿ ಜೋರು ಉಸಿರಾಟ ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ: 2 ತಿಂಗಳೊಳಗೆ 60 ಅಥವಾ ಮೇಲೆ, 2 ತಿಂಗಳಿಂದ 1 ವರ್ಷದೊಳಗೆ 50 ಅಥವಾ ಮೇಲೆ, 1ರಿಂದ 5 ವರ್ಷದೊಳಗೆ 40 ಅಥವಾ ಮೇಲೆ. ಇವನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ.

ಆದರೆ ಒಂದು ಸಂಖ್ಯೆಯಿಂದ ಏನೂ ತೀರ್ಮಾನ ಮಾಡಬೇಡಿ. ಆಪರೇಷನ್ ಆದವರೊಬ್ಬರ ನಾಡಿ 10 ಗಂಟೆಗೆ 84, 11ಕ್ಕೆ 98, 12ಕ್ಕೆ 112 ಅಂದುಕೊಳ್ಳಿ. ಮೇಲಿನ ಬಿಪಿ 126, 118, 108. ಇದರಲ್ಲಿ ಬಿಪಿಯ ಮೂರೂ ಅಂಕಿಗಳನ್ನು ಬಿಡಿಯಾಗಿ ನೋಡಿದರೆ "ಪರವಾಗಿಲ್ಲ" ಅನಿಸುತ್ತದೆ. ಸಾಲಾಗಿ ಓದಿ. ನಾಡಿ ಏರುತ್ತಿದೆ, ಬಿಪಿ ಇಳಿಯುತ್ತಿದೆ. ಒಳಗೆ ಎಲ್ಲೋ ರಕ್ತ ಹೋಗುತ್ತಿರಬಹುದು. ಬ್ಯಾಂಡೇಜ್ ನೋಡಬೇಕು, ಗಾಯದಿಂದ ರಕ್ತ, ನೀರು ಹೊರತರುವ ಡ್ರೈನ್ ಕೊಳವೆ ನೋಡಬೇಕು, ಕೈ ಹಾಕಿ ಬೆನ್ನಿನ ಕೆಳಗೆ ಒದ್ದೆ ಇದೆಯಾ ಅಂತಲೂ ನೋಡಬೇಕು.

ಸಲಕರಣೆಯೂ ತಪ್ಪು ಹೇಳಬಹುದು. ತೋಳು ದಪ್ಪ ಇದ್ದು ಬಿಪಿ ಪಟ್ಟಿ ಚಿಕ್ಕದಾದರೆ ಬಿಪಿ ಜಾಸ್ತಿ ತೋರಿಸುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಆಮ್ಲಜನಕದ ಮಟ್ಟವನ್ನು ನಂಬಬೇಡಿ.

ಹಂತ 3: ರೋಗಿಯ ಮಾತು ಕೇಳಿ, ಅರ್ಥ ಕೇಳಿ ತಿಳಿದುಕೊಳ್ಳಿ

ಪರೀಕ್ಷೆ ಇಂಗ್ಲಿಷ್‌ನಲ್ಲಿ. ರೋಗಿ ಕನ್ನಡದಲ್ಲಿ, ಎಷ್ಟೋ ಸಲ ತೆಲುಗಿನಲ್ಲಿ. ನಮ್ಮ ಮೂರು ಜಿಲ್ಲೆಯವರಿಗೆ ಇದು ತೊಡಕೂ ಹೌದು, ಅನುಕೂಲವೂ ಹೌದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹಿರಿಯರು "ಆಯಾಸಂ" ಅಂತಾರೆ. ಕನ್ನಡದ ಕಿವಿಗೆ ಅದು ಸುಸ್ತು ಅಂತ ಕೇಳಿಸುತ್ತದೆ. ತೆಲುಗಿನಲ್ಲಿ ಆ ಮಾತನ್ನು ಏದುಸಿರಿಗೂ ಬಳಸುತ್ತಾರೆ. ಸುಸ್ತು ಅಂತ ಬರೆದರೆ ರೋಗಿ ಸಾಲಿನ ಕೊನೆಗೆ ಹೋಗುತ್ತಾರೆ. ಏದುಸಿರು ಅಂತ ಬರೆದರೆ ಮೊದಲಿಗೆ ಬರುತ್ತಾರೆ. ಒಂದು ಪದಕ್ಕೆ ಅಷ್ಟು ವ್ಯತ್ಯಾಸ. "ಅಮ್ಮಾ, ಆಯಾಸ ಅಂದ್ರೆ ಕೈಕಾಲು ಸೋಲುತ್ತಾ, ಉಸಿರು ಸಿಗ್ತಿಲ್ವಾ?" ಅಂತ ಇನ್ನೊಂದು ಪ್ರಶ್ನೆ ಕೇಳಿ, ಮುಗಿಯಿತು.

ಹಾಗೇ "ಗ್ಯಾಸು". ಹೊಟ್ಟೆ ಉಬ್ಬರವೂ ಗ್ಯಾಸು, ಎದೆ ಹಿಂಡುವುದೂ ಗ್ಯಾಸು. ಎಲ್ಲಿ, ಯಾವಾಗಿನಿಂದ, ಎಡಗೈಗೆ ಅಥವಾ ದವಡೆಗೆ ಎಳೆಯುತ್ತಾ, ಬೆವರು ಬಂತಾ ಅಂತ ಕೇಳಬೇಕು. ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಬರೀ ಸುಸ್ತು, ವಾಕರಿಕೆ, ಉಸಿರು ಕಟ್ಟುವುದು ಇರಬಹುದು. ಇದು ಪರೀಕ್ಷೆಯಲ್ಲೂ ಮತ್ತೆ ಮತ್ತೆ ಬರುವ ವಿಷಯ.

ನೋವನ್ನು ಸೊನ್ನೆಯಿಂದ ಹತ್ತರಲ್ಲಿ ಹೇಳಿ ಅಂದರೆ ಹಳ್ಳಿಯ ಅಜ್ಜ ಸುಮ್ಮನೆ ನಿಮ್ಮ ಮುಖ ನೋಡಬಹುದು. "ಅಜ್ಜಾ, ನಿನ್ನೆ ನೋವು ಒಂದು ರೂಪಾಯಿ ಇದ್ರೆ ಇವತ್ತು ಎಷ್ಟಾಣೆ ಇದೆ?" ಅಂತ ಕೇಳಿ. "ಎಂಟಾಣೆ ವಾಸಿ" ಅನ್ನುತ್ತಾರೆ.

ರೋಗಿ ಬಾಯಲ್ಲಿ ಹೇಳಿದ್ದು ಸಬ್ಜೆಕ್ಟಿವ್, ನೀವು ಕಂಡದ್ದು ಮತ್ತು ಅಳೆದದ್ದು ಆಬ್ಜೆಕ್ಟಿವ್. ನೋಟ್‌ಬುಕ್‌ನಲ್ಲಿ ಎರಡನ್ನೂ ಬೇರೆ ಬೇರೆ ಕಡೆ ಬರೆಯಿರಿ.

ಹಂತ 4: ಪರೀಕ್ಷಿಸುವ ಕ್ರಮ

ಇದು ನಿಮಗೆ ಕ್ಲಾಸಿನಲ್ಲಿ ಕಲಿಸಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಸಾಮಾನ್ಯವಾಗಿ ನೋಡುವುದು, ಮುಟ್ಟುವುದು, ತಟ್ಟುವುದು, ಸ್ಟೆತಸ್ಕೋಪ್ ಇಟ್ಟು ಕೇಳುವುದು. ಹೊಟ್ಟೆಗೆ ಮಾತ್ರ ನೋಡಿದ ಮೇಲೆ ಕೇಳಬೇಕು, ಮುಟ್ಟುವುದು ಕೊನೆಗೆ. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ಪ್ರಜ್ಞೆ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಅತಿ ಕಡಿಮೆ 3, ಸೊನ್ನೆ ಅಲ್ಲ. 8 ಅಥವಾ ಕೆಳಗೆ ಇಳಿದರೆ ಉಸಿರಿನ ದಾರಿ ಉಳಿಸುವುದೇ ಮೊದಲ ಯೋಚನೆ.

ಹಂತ 5: ಯಾರು ಮೊದಲು, ಯಾವ ಕೆಲಸ ಮೊದಲು

ಎರಡು ಉತ್ತರದ ನಡುವೆ ಸಿಕ್ಕಿಕೊಳ್ಳುವುದು ಇಲ್ಲೇ. ಒಂದು ಪ್ರಶ್ನೆ ಬಿಡಿಸೋಣ. ನಾಲ್ವರು ರೋಗಿಗಳಿದ್ದಾರೆ, ಮೊದಲು ಯಾರ ಹತ್ತಿರ ಹೋಗುತ್ತೀರಿ?

ಮೊದಲನೆಯವರು ಹರ್ನಿಯಾ ಆಪರೇಷನ್ ಆಗಿ ಎರಡನೇ ದಿನ, ನೋವು 10ಕ್ಕೆ 6. ಎರಡನೆಯವರಿಗೆ ಸಕ್ಕರೆ 210, ಊಟಕ್ಕೆ ಮುಂಚಿನ ಇನ್ಸುಲಿನ್ ಕೊಡಬೇಕು. ಮೂರನೆಯವರು ಬಹಳ ವರ್ಷ ಬೀಡಿ ಸೇದಿ ಸಿಒಪಿಡಿ ಬಂದವರು, ಅಂದರೆ ಶ್ವಾಸಕೋಶದ ಹಳೆಯ ಕಾಯಿಲೆ. ಆಮ್ಲಜನಕ 90. ನಾಲ್ಕನೆಯವರಿಗೆ ಹೆರಿಗೆಯಾಗಿ ಒಂದು ಗಂಟೆ. ಅರ್ಧ ಗಂಟೆಯಲ್ಲಿ ಎರಡು ಸಲ ಪ್ಯಾಡ್ ತೊಯ್ದು ಹೋಗಿದೆ, ನಾಡಿ 118.

ಹೆಚ್ಚಿನವರು 90 ನೋಡಿ ಮೂರನೆಯವರ ಕಡೆ ಓಡುತ್ತಾರೆ. ಉಸಿರು ಮೊದಲು ಅಂತ ಕಲಿತಿದ್ದೀರಲ್ಲ. ಆದರೆ ಸಿಒಪಿಡಿಯವರಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅವರಲ್ಲಿ ಏನೂ ಬದಲಾಗಿಲ್ಲ. ನಾಲ್ಕನೆಯ ತಾಯಿಯಲ್ಲಿ ಬದಲಾಗುತ್ತಿದೆ, ಅದೂ ನಿಮಿಷ ನಿಮಿಷಕ್ಕೆ. ಉತ್ತರ ನಾಲ್ಕು. ಹಳೆಯದಕ್ಕಿಂತ ಹೊಸದು ಮೊದಲು. ಹೀಗಾಗುತ್ತದೆ ಅಂತ ಗೊತ್ತಿದ್ದದ್ದಕ್ಕಿಂತ ಗೊತ್ತಿಲ್ಲದೆ ಬಂದದ್ದು ಮೊದಲು.

ಮುಂದಿನ ಪ್ರಶ್ನೆ: ಆ ತಾಯಿಯ ಹತ್ತಿರ ಹೋಗಿ ಮೊದಲು ಏನು ಮಾಡುತ್ತೀರಿ? ಆಯ್ಕೆಗಳಲ್ಲಿ "ವೈದ್ಯರಿಗೆ ತಿಳಿಸುವುದು" ಇದ್ದೇ ಇರುತ್ತದೆ. ಎಷ್ಟೋ ಜನ ಅದನ್ನೇ ಗುರುತು ಹಾಕುತ್ತಾರೆ, ಸುರಕ್ಷಿತ ಅನಿಸುತ್ತದೆ ಅಲ್ವಾ? ಆದರೆ ನಿಮ್ಮ ಕೈ ಅಲ್ಲೇ ಇದೆ. ಹೊಕ್ಕುಳ ಹತ್ತಿರ ಗರ್ಭಕೋಶದ ಮೇಲ್ತುದಿ ಮುಟ್ಟಿ ನೋಡಿ. ಚೆಂಡಿನ ಹಾಗೆ ಗಟ್ಟಿ ಇರಬೇಕು. ಹಿಟ್ಟಿನ ಹಾಗೆ ಮೆತ್ತಗಿದ್ದರೆ, ಒಂದು ಕೈಯನ್ನು ಕೆಳಹೊಟ್ಟೆಯ ತುದಿಯಲ್ಲಿರುವ ಪ್ಯೂಬಿಕ್ ಮೂಳೆಯ ಮೇಲ್ಭಾಗದಲ್ಲಿ ಆಧಾರ ಕೊಟ್ಟು, ಇನ್ನೊಂದು ಕೈಯಿಂದ ಗಟ್ಟಿಯಾಗುವ ತನಕ ಉಜ್ಜಬೇಕು. ಉಜ್ಜುತ್ತಲೇ ಕೂಗಿ ಸಹಾಯ ಕರೆಯಬೇಕು. ಗರ್ಭಕೋಶ ಬಲಗಡೆಗೆ, ಮೇಲಕ್ಕೆ ಸರಿದಿದ್ದರೆ ಮೂತ್ರಕೋಶ ತುಂಬಿದೆ ಅಂತ ಅರ್ಥ. ಅದು ಖಾಲಿಯಾಗದೆ ಗರ್ಭಕೋಶ ಸರಿಯಾಗಿ ಬಿಗಿಯಾಗುವುದಿಲ್ಲ. ಪೋಸ್ಟಿಂಗ್‌ನಲ್ಲಿ ಇದನ್ನು ಸ್ಟಾಫ್ ನರ್ಸ್ ಪಕ್ಕದಲ್ಲಿದ್ದಾಗ ಮಾತ್ರ ಮಾಡಿ, ನೀವಿನ್ನೂ ವಿದ್ಯಾರ್ಥಿ.

ಹಾಗಾದರೆ ಯಾವಾಗ ಇನ್ನೂ ನೋಡಬೇಕು, ಯಾವಾಗ ಕೈ ಹಾಕಬೇಕು? ಪ್ರಶ್ನೆಯಲ್ಲಿ ಸುಳಿವು ಸಾಲದಿದ್ದರೆ ಅಸೆಸ್‌ಮೆಂಟ್ ಉತ್ತರ. ಸುಳಿವು ಸಾಕಷ್ಟಿದ್ದು, ತಡ ಮಾಡಿದರೆ ಅಪಾಯ ಅನ್ನುವಂತಿದ್ದರೆ ಕೆಲಸವೇ ಉತ್ತರ. ರಕ್ತ ಕೊಡಲು ಶುರು ಮಾಡಿ ಹತ್ತು ನಿಮಿಷಕ್ಕೆ ಚಳಿ, ನಡುಕ, ಸೊಂಟ ನೋವು ಬಂದರೆ ಜ್ವರ ನೋಡುತ್ತಾ ಕೂರಬೇಡಿ. ಮೊದಲು ರಕ್ತ ನಿಲ್ಲಿಸಿ. ಆದರೆ ಕ್ಯಾನುಲಾ ಕೀಳಬೇಡಿ, ಹೊಸ ಸೆಟ್ ಹಾಕಿ ನಾರ್ಮಲ್ ಸಲೈನ್‌ನಿಂದ ದಾರಿ ತೆರೆದಿಡಿ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ಕೊಡುವ ಮೊದಲು ಎದೆಯ ಮೇಲೆ ಎಣಿಸಿದ ಬಡಿತ 54 ಇದ್ದರೆ ಮಾತ್ರೆ ತಡೆಹಿಡಿದು ತಿಳಿಸಿ. ಬಸುರಿಯರಲ್ಲಿ ಬಿಪಿ ಏರಿ ಬರುವ ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಓಡುತ್ತಿರುವಾಗ ಮೊಣಕಾಲಿನ ಪ್ರತಿಕ್ರಿಯೆ ಹೋದರೆ ಡ್ರಿಪ್ ನಿಲ್ಲಿಸಿ. ಅದರ ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್.

ನಮ್ಮ ಕಡೆ ತರಕಾರಿ, ದ್ರಾಕ್ಷಿ ಬೆಳೆಯುವ ಊರುಗಳಿಂದ ಕ್ರಿಮಿನಾಶಕ ಕುಡಿದವರು, ಹೊಡೆಯುವಾಗ ಮೈಗೆ ತಾಕಿದವರು ಬರುತ್ತಾರೆ. ಆರ್ಗನೋಫಾಸ್ಫೇಟ್ ಜಾತಿಯ ಕ್ರಿಮಿನಾಶಕ ಆಗಿದ್ದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಬಾಯಿ ತುಂಬ ಜೊಲ್ಲು, ಮೈತುಂಬ ಬೆವರು, ನಾಡಿ ನಿಧಾನ. ನೀವು ಮೊದಲು ಗ್ಲೌಸ್ ಹಾಕಿಕೊಳ್ಳಿ. ಜೊಲ್ಲು ಎಳೆದು ಉಸಿರಿನ ದಾರಿ ತೆರವು ಮಾಡಿ, ಬಟ್ಟೆ ತೆಗೆದು ಮೈ ತೊಳೆಯಬೇಕು. ಇದಕ್ಕೆ ಕೊಡುವ ಪ್ರತಿಮದ್ದು ಅಟ್ರೋಪಿನ್ ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದು ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಕೇಳಬಹುದಾದ ಪ್ರಶ್ನೆ. ಪಾಪೆ ದೊಡ್ಡದಾಗುವುದನ್ನು ಮಾತ್ರ ಹೇಳಬೇಡಿ. ಎದೆಯಲ್ಲಿ ಗೊರಗೊರ ನಿಂತು ಉಸಿರಿನ ದಾರಿ ಒಣಗುವುದನ್ನು ಮುಖ್ಯವಾಗಿ ಹೇಳಿ.

ಹಂತ 6: ದಿನಕ್ಕೆ ಒಬ್ಬ ರೋಗಿ, ಒಂದು ಪುಟ, ಆರು ಸಾಲು

ಎನ್‌ಕ್ಲೆಕ್ಸ್‌ನ ಕೇಸ್ ಸ್ಟಡಿಯ ಆರು ಪ್ರಶ್ನೆಗಳು ಆರು ಹೆಜ್ಜೆಗಳ ಮೇಲೆ ನಿಂತಿವೆ. ಬೇರೆ ಪರೀಕ್ಷೆಗೆ ಓದುವವರಿಗೂ ಇದು ಒಳ್ಳೆಯ ಅಚ್ಚು. ಸಂತೆಯಲ್ಲಿ ಟೊಮೆಟೊ ಬಾಕ್ಸ್ ಹೊರುವ 55 ವರ್ಷದ ಒಬ್ಬರು "ಗ್ಯಾಸು" ಅಂತ ಬಂದಿದ್ದಾರೆ ಅಂದುಕೊಂಡು ಪುಟ ತುಂಬೋಣ.

1. ಸುಳಿವು: ಎದೆ ನಡುವೆ ಹಿಂಡಿದ ಹಾಗೆ, 40 ನಿಮಿಷದಿಂದ. ಬೆವರು. ನಾಡಿ 104. ಆಮ್ಲಜನಕ 96. ಸಕ್ಕರೆ ಕಾಯಿಲೆ ಇದೆ.
2. ಜೋಡಣೆ: ಬೆವರು, ಹಿಂಡುವಿಕೆ, ಸಕ್ಕರೆ ಕಾಯಿಲೆ ಒಟ್ಟಿಗೆ ಸೇರಿದರೆ ಹೃದಯದ ಕಡೆ ಬೆರಳು. ಹೊಟ್ಟೆ ಉಬ್ಬರ ಇಲ್ಲ.
3. ಯಾವುದು ಮೊದಲು: ಹೃದಯಾಘಾತ ಅಲ್ಲ ಅಂತ ಖಾತ್ರಿಯಾಗುವ ತನಕ ಹೃದಯಾಘಾತ ಅಂತಲೇ ನೋಡುವುದು.
4. ಏನು ಮಾಡಬಹುದು: ಬಂದ 10 ನಿಮಿಷದೊಳಗೆ ಇಸಿಜಿ, ಮಾನಿಟರ್, ಐವಿ ದಾರಿ, ವೈದ್ಯರ ಆದೇಶದಂತೆ ಆಸ್ಪಿರಿನ್. 96 ಇರುವಾಗ ಆಮ್ಲಜನಕ ಬೇಕಿಲ್ಲ.
5. ಮಾಡಿದ್ದು: ಮಲಗಿಸಿ, ನಡೆಯಲು ಬಿಡದೆ, ಇಸಿಜಿ ತೆಗೆದು ತೋರಿಸಿದ್ದು.
6. ಫಲ: ನೋವು ಇಳಿಯಿತಾ, ಬೆವರು ನಿಂತಿತಾ, ನಾಡಿ ಎಷ್ಟಾಯಿತು?

ಆರನೇ ಸಾಲನ್ನು ಎಲ್ಲರೂ ಬಿಡುತ್ತಾರೆ. ಮಾತ್ರೆ ಕೊಟ್ಟೆವು, ಕೆಲಸ ಆಯಿತು ಅಂತ. ಒಂದು ಗಂಟೆ ಬಿಟ್ಟು ಹಿಂದಿರುಗಿ ಹೋಗಿ ಆ ಸಾಲು ತುಂಬಿ. ಆಗದಿದ್ದರೆ ಮರುದಿನ ಕೇಸ್ ಶೀಟ್ ನೋಡಿಯಾದರೂ ಬರೆಯಿರಿ. ಶಿರಾದಿಂದ ತುಮಕೂರಿಗೆ, ಚಿಂತಾಮಣಿಯಿಂದ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡುವವರು ಈ ಪುಟವನ್ನು ದಾರಿಯಲ್ಲೇ ಬರೆದು ಮುಗಿಸಬಹುದು.

ಪುಟ ಮುಗಿದ ಮೇಲೆ ಗೆಳತಿಗೆ ಫೋನಿನಲ್ಲಿ ಎಸ್‌ಬಿಎಆರ್ ರೀತಿಯಲ್ಲಿ ಹೇಳಿ. ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಕಂಡದ್ದೇನು, ನನಗೆ ಏನು ಬೇಕು ಅನ್ನುವ ನಾಲ್ಕು ಮಾತಿನ ಕ್ರಮ ಅದು. ಒಂದು ನಿಮಿಷದೊಳಗೆ ಮುಗಿಯಬೇಕು. "ಡಾಕ್ಟರ್, ಪೇಷಂಟ್ ಸರಿ ಇಲ್ಲ, ಬನ್ನಿ" ಅನ್ನುವುದು ಎಸ್‌ಬಿಎಆರ್ ಅಲ್ಲ.

ಹಂತ 7: ಪ್ರಶ್ನೆ ಬಿಡಿಸುವುದು

ದಿನಕ್ಕೆ 200 ಪ್ರಶ್ನೆ ಬೇಡ. 20 ಸಾಕು, ಆದರೆ ಪ್ರತಿಯೊಂದರ ವಿವರಣೆ ಓದಿ, ಸರಿಯಾದದ್ದರದ್ದೂ ಓದಿ. ತಪ್ಪಿದ ಪ್ರಶ್ನೆಗೆ ಕಾರಣ ಬರೆಯಿರಿ: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಯಾವುದು ಮೊದಲು ಅನ್ನುವುದು ತಪ್ಪಿತು. ಎರಡು ವಾರದಲ್ಲಿ ನಿಮ್ಮ ತಪ್ಪಿನ ಜಾಡು ನಿಮಗೇ ಕಾಣುತ್ತದೆ. ಗೊತ್ತಿಲ್ಲದ್ದಕ್ಕೆ ಪುಸ್ತಕ, ಮೂರನೆಯದಕ್ಕೆ ಮತ್ತೆ ಹಂತ 5.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಪ್ರಶ್ನೆ ಓದಿದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ. "ಇಲ್ಲಿ ಏನಾಗ್ತಿದೆ?" ಅಂತ ಕನ್ನಡದಲ್ಲಿ ಒಂದು ವಾಕ್ಯ ಹೇಳಿಕೊಳ್ಳಿ. ಆಮೇಲೆ ಕೈ ತೆಗೆಯಿರಿ. ಇಂಗ್ಲಿಷ್ ಭಯಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. "ಇವರಿಗೆ ಇನ್ನೂ ತಿಳಿಸಿ ಹೇಳಬೇಕು ಅನ್ನುವುದು ಯಾವ ಮಾತಿನಿಂದ ಗೊತ್ತಾಗುತ್ತದೆ" ಅನ್ನುವ ಪ್ರಶ್ನೆಯಲ್ಲಿ ತಪ್ಪು ಮಾತೇ ಸರಿ ಉತ್ತರ. ಓದಿದ ಕೂಡಲೇ ಅದರ ಪಕ್ಕ ಗುರುತು ಹಾಕಿಕೊಳ್ಳಿ. ಸರಿಯಾದದ್ದೆಲ್ಲ ಆರಿಸಿ ಅನ್ನುವ ಪ್ರಶ್ನೆಯಲ್ಲಿ ಒಂದೊಂದು ಆಯ್ಕೆಯನ್ನೂ ಬೇರೆಯಾಗಿ ಹೌದು ಅಥವಾ ಅಲ್ಲ ಅಂತ ನೋಡಿ. ಎನ್‌ಕ್ಲೆಕ್ಸ್‌ನಲ್ಲಿ ಅಂಥ ಕಡೆ ತಪ್ಪು ಆಯ್ಕೆ ಒತ್ತಿದರೆ ಆ ಪ್ರಶ್ನೆಯಲ್ಲಿ ಗಳಿಸಿದ ಅಂಕ ಕಡಿಮೆಯಾಗುತ್ತದೆ. ಇರಲಿ ಅಂತ ಒಂದು ಜಾಸ್ತಿ ಒತ್ತಬೇಡಿ.

ಪ್ರಾಕ್ಟಿಕಲ್ ದಿನ

ಕೈ ತೊಳೆಯಿರಿ, ಹೆಸರು ಹೇಳಿಕೊಳ್ಳಿ, ರೋಗಿಯ ಹೆಸರನ್ನು ಅವರ ಬಾಯಿಂದಲೇ ಕೇಳಿ, ಪರದೆ ಎಳೆಯಿರಿ. ಪರೀಕ್ಷಕರಿಗಾಗಿ ಅಲ್ಲ, ರೋಗಿಗಾಗಿ ಮಾತಾಡಿ: "ಅಣ್ಣಾ, ಹೊಟ್ಟೆ ಮುಟ್ಟಿ ನೋಡ್ತೀನಿ, ನೋವಾದ್ರೆ ಹೇಳಿ." ನೋವಿರುವ ಜಾಗ ಕೊನೆಗೆ ಮುಟ್ಟಿ. ಉತ್ತರ ಗೊತ್ತಿಲ್ಲದಿದ್ದರೆ ಕಂಡ ಸುಳಿವುಗಳನ್ನೇ ಸಾಲಾಗಿ ಹೇಳಿ, ಅಷ್ಟಕ್ಕೂ ಬೆಲೆ ಇದೆ. ಮುಗಿಸಿ ಹೊರಡುವಾಗ ಹೊದಿಕೆ ಸರಿಮಾಡಿ, ಮಂಚದ ಪಕ್ಕದ ಕಂಬಿ ಏರಿಸಿ, ನೀರಿನ ಬಾಟಲಿ ಕೈಗೆ ಎಟುಕುವ ಹಾಗಿಡಿ. ಮತ್ತೆ ಕೈ ತೊಳೆದು, ಗಡಿಯಾರ ನೋಡಿ, ಚಾರ್ಟ್‌ನಲ್ಲಿ ಸಮಯ ಬರೆಯಿರಿ.